ಮೂಲ ಎಲ್ಲಿ?

ನಮ್ಮ ‘ಹಳೇಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಅಜ್ಜ ಮಾತ್ರ ಇಲ್ಲ, ಅವರದ್ದು ಬಟನ್ ಫೋನು. ಕಳೆದ ತಿಂಗಳು ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿ ಆಯಿತು. ಫೋಟೋದವರಿಗೆ ದುಡ್ಡು ಯಾಕೆ ಸುರಿಯಬೇಕು, ರಾಘು ಹತ್ತಿರ ನಿಕಾನ್ ಇದೆಯಲ್ಲ ಎಂದು ಹಿರಿಯರು ತೀರ್ಮಾನ ಮಾಡಿದರು. ದೊಡ್ಡಪ್ಪನ ಮಗ ರಾಘು 640 ಫೋಟೋ ತೆಗೆದ. ಎಲ್ಲವೂ ರಾ ಫೈಲು, ಅಂದರೆ ಕ್ಯಾಮೆರಾದ ಹಸಿ ಮೂಲ. ಪೆನ್‌ಡ್ರೈವ್‌ಗೆ ಹಾಕಿ ಮೈಸೂರು ಚಿಕ್ಕಪ್ಪನ ಕೈಗೆ ಕೊಟ್ಟು, ಕಾರ್ಡ್ ಖಾಲಿ ಮಾಡಿಕೊಂಡು ಪುಣೆಗೆ ಹೋದ.

ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಫೋಟೋ ಬದಲು ಬಿಳಿ ಕಾಗದದಂಥ ಚಿತ್ರಗಳು ಕಂಡವು, ಪ್ರತಿಯೊಂದರ ಹೆಸರಿನ ಬಾಲದಲ್ಲಿ ನಿಕಾನ್ ರಾ ಫೈಲಿನ ಗುರುತು ‘ಎನ್‌ಇಎಫ್’. ಎರಡು ವಾರ ಗುಂಪಿನಲ್ಲಿ ಇದೇ ಗೊಣಗಾಟ. ಆಮೇಲೆ ಒಂದು ಬೆಳಗ್ಗೆ ಚಿಕ್ಕಪ್ಪನಿಂದ ಈ ಫಾರ್ವರ್ಡ್ ಬಂತು.

“ಎಚ್ಚರ!! ಕ್ಯಾಮೆರಾದ ಮೂಲ ಫೋಟೋಗಳನ್ನು ಜೆಪಿಜಿ ಮಾಡಬೇಡಿ. ಜೆಪಿಜಿ ಫೋಟೋ ತೆರೆದು ನೋಡಿದಷ್ಟೂ ಸವೆಯುತ್ತದೆ. ಹತ್ತು ವರ್ಷದಲ್ಲಿ ಮುಖಗಳೇ ಅಳಿಸಿಹೋಗುತ್ತವೆ. ನಿಮ್ಮವರಿಗೆಲ್ಲ ತಿಳಿಸಿ 🙏”

ಕೆಳಗೆ ಅವರದೇ ಒಂದು ಸಾಲು: “ನಾನು ಮೊದಲೇ ಹೇಳಿದ್ದೆ.”

ಏನು ಹೇಳಿದ್ದರು ಎಂದು ಯಾರಿಗೂ ನೆನಪಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಹನ್ನೊಂದು ನಮಸ್ಕಾರ ಬಿದ್ದವು.

ಪುಟ್ಟಿ ಚಿಕ್ಕಪ್ಪನ ಮಗಳು. ಫಿಸಿಕ್ಸ್ ಪಾಠ ಮಾಡುತ್ತಾಳೆ. ಮನೆಯಲ್ಲಿ ಎದುರು ಕೂತಿದ್ದರೂ ಅಪ್ಪನಿಗೆ ಉತ್ತರ ಕೊಡುವುದು ಗುಂಪಿನಲ್ಲೇ.

“ಅಪ್ಪಾ, ಮೂಲ ಯಾವುದು?”

ಅವಳು ಕೇಳಿದ್ದು ಈ ಸುದ್ದಿ ಎಲ್ಲಿಂದ ಬಂತು ಎಂದು. ಶಿರಸಿ ಅತ್ತೆಗೆ ಕೇಳಿಸಿದ್ದು ಬೇರೆ.

“ಮೂಲಾ ನಕ್ಷತ್ರದ ಮಾತು ಈಗ ಯಾಕೆ ತೆಗೆದೆ ಪುಟ್ಟಿ? ಆ ಹುಡುಗಿಗೆ ಮದುವೆಯಾಗಿ ಮಗುವೂ ಆಯಿತು. ಅವಳ ಮಾವ ಗಟ್ಟಿಮುಟ್ಟಾಗಿದ್ದಾರೆ.”

ಗೊತ್ತಿಲ್ಲದವರಿಗೆ: ಮೂರು ವರ್ಷದ ಹಿಂದೆ ರಾಘುವಿಗೆ ಅತ್ತೆ ಒಂದು ಸಂಬಂಧ ತಂದಿದ್ದರು. ಹುಡುಗಿಯದ್ದು ಮೂಲಾ ನಕ್ಷತ್ರ, ಮಾವನಿಗೆ ಆಗಿಬರುವುದಿಲ್ಲ ಎಂದು ದೊಡ್ಡಪ್ಪನ ಮನೆಯಲ್ಲಿ ಬೇಡ ಎಂದರು. ಅಲ್ಲಿಗೆ ಮುಗಿದಿತ್ತು ಅಂದುಕೊಂಡಿದ್ದೆವು.

ದೊಡ್ಡಮ್ಮ: “ಬೇಡ ಎಂದದ್ದು ಜೋಯಿಸರು. ನಾವಲ್ಲ.”

ಅತ್ತೆ: “ಜೋಯಿಸರನ್ನು ಕೇಳಿದ್ದು ಯಾರೋ.”

ರಾಘು “ಫೋಟೋ ವಿಷಯ ಮಾತಾಡೋಣವಾ?” ಎಂದು ಬರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ದೊಡ್ಡಪ್ಪ ಬಂದರು. ರಿಟೈರ್ಡ್ ಹೆಡ್ ಮಾಸ್ಟರು. ಅವರ ಮೆಸೇಜು ಯಾವತ್ತೂ ಮೂರು ಪ್ಯಾರಾಕ್ಕೆ ಕಡಿಮೆ ಇರುವುದಿಲ್ಲ. ಸಾರಾಂಶ ಇಷ್ಟು: ಈಗಿನವರಿಗೆ ಎಲ್ಲವೂ ಬೇಗ ಆಗಬೇಕು. ಮೂಲವನ್ನು ಕಾಪಾಡುವ ತಾಳ್ಮೆ ಇಲ್ಲ. ಬೇರು ಮರೆತರೆ ಮರ ಉಳಿಯುವುದಿಲ್ಲ. ಕೊನೆಗೊಂದು ದೀಪದ ಚಿತ್ರ.

ಪುಟ್ಟಿ ಬಿಡಲಿಲ್ಲ. “ದೊಡ್ಡಪ್ಪಾ, ಜೆಪಿಜಿ 1992ರಿಂದ ಇದೆ. ನೋಡಿ ನೋಡಿಯೇ ಸವೆದುಹೋದ ಒಂದು ಫೋಟೋ ತೋರಿಸಿ. ತೆರೆದು ನೋಡಿದರೆ ಫೈಲಿನ ಒಂದು ಅಕ್ಷರವೂ ಬದಲಾಗುವುದಿಲ್ಲ. ತಿದ್ದಿ ಮತ್ತೆ ಸೇವ್ ಮಾಡಿದರೆ ಮಾತ್ರ ಪ್ರತಿ ಸಲ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ.”

ಚಿಕ್ಕಪ್ಪ: “ಹಾಗಾದರೆ ಸವೆಯುತ್ತದೆ ಅಂತ ಒಪ್ಪಿಕೊಂಡೆ.”

ಚಿಕ್ಕಪ್ಪನದ್ದು ಪೂರ್ತಿ ತಪ್ಪೂ ಅಲ್ಲ. ಅವರ ಹಳೇ ಫೋಟೋಗಳೆಲ್ಲ ವಾಟ್ಸಾಪಿನಲ್ಲಿ ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡಿದಂಥವು. ಅಲ್ಲಿ ಸುಮ್ನೆ ಫೋಟೋ ಎಂದು ಕಳಿಸಿದರೆ ಅಳತೆ ಕುಗ್ಗುತ್ತದೆ. ಅಜ್ಜಿಯ ಒಂದು ಫೋಟೋ ಹೀಗೆ ಊರೂರು ತಿರುಗಿ, ಮೂಗುತಿ ಕಾಣದಷ್ಟು ಮಸುಕಾಗಿದೆ. ಅವರಿಗೆ ಅದು ಸವೆದಂತೆಯೇ ಅಲ್ವಾ.

ಅಷ್ಟರಲ್ಲಿ ದಾವಣಗೆರೆ ಭಾವ ಬಂದರು. “ಇಷ್ಟೊಂದು ಗಲಾಟೆ ಯಾಕೆ? ನಾನು ಒಂದು ಫೈಲಿನ ಹೆಸರಿನಲ್ಲಿ ಎನ್‌ಇಎಫ್ ಅಳಿಸಿ ಜೆಪಿಜಿ ಎಂದು ಬರೆದೆ. ಕೆಲಸ ಆಯಿತು.”

“ತೆರೆಯಿತಾ ಭಾವ?”

“ಇಲ್ಲ.”

ಅಂಗಿ ಬದಲಿಸಿದರೆ ಆಳು ಬದಲಾಗುತ್ತಾನಾ ಎಂದು ಪುಟ್ಟಿ ಕೇಳಿದಳು. ಭಾವನಿಗೆ ಬೇಸರವಾಗಲಿಲ್ಲ. ಅವರು ಆಗಲೇ ಹಳೇ ಕಾಲಕ್ಕೆ ಹೊರಟಿದ್ದರು.

“ಆಗಿನ ಕಾಲವೇ ಚಂದ. ಮೂವತ್ತಾರರ ರೋಲು. ಜಾಣತನದಿಂದ ಸುತ್ತಿದರೆ ಒಂದೆರಡು ಜಾಸ್ತಿ ಸಿಗುತ್ತಿತ್ತು. ಒಂದೊಂದು ಕ್ಲಿಕ್ಕಿಗೂ ಯೋಚನೆ ಮಾಡುತ್ತಿದ್ದೆವು. ರೋಲು ತೊಳೆಸಿ ಪ್ರಿಂಟ್ ಹಾಕಿಸಿ ತಂದರೆ, ಕವರಿನಲ್ಲಿ ಆ ಕಂದು ಬಣ್ಣದ ನೆಗೆಟಿವ್ ಪಟ್ಟಿಗಳು. ಬೆಳಕಿಗೆ ಹಿಡಿದು ಯಾರ ತಲೆ ಯಾವುದು ಅಂತ ಹುಡುಕುವುದೇ ಒಂದು ಆಟ.”

ನಿಜ ಹೇಳಬೇಕೆಂದರೆ, ಇಡೀ ಜಗಳದಲ್ಲಿ ರಾ ಫೈಲು ಅಂದರೆ ಏನು ಎಂದು ಸರಿಯಾಗಿ ಹೇಳಿದವರು ಭಾವ ಒಬ್ಬರೇ. ಗೊತ್ತಿಲ್ಲದೇ ಹೇಳಿದರು. ರಾಘು ತಕ್ಷಣ ಹಿಡಿದುಕೊಂಡ.

“ಅದೇ ಭಾವ! ರಾ ಅಂದರೆ ನೆಗೆಟಿವ್. ಜೆಪಿಜಿ ಅಂದರೆ ಪ್ರಿಂಟ್. ಪ್ರಿಂಟ್ ಹಾಕಿಸಿದರೆ ನೆಗೆಟಿವ್ ಎಲ್ಲೂ ಹೋಗುವುದಿಲ್ಲ.”

ಆದರೆ ಅತ್ತೆಗೆ ಕಂಡದ್ದು ಒಂದೇ ಪದ.

“ನೆಗೆಟಿವ್ ಅಂದಾಗ ನೆನಪಾಯಿತು. 1994ರ ನನ್ನ ಮದುವೆಯ ನೆಗೆಟಿವ್ ಯಾರ ಮನೆಯಲ್ಲಿದೆ?”

ಗುಂಪು ತಣ್ಣಗಾಯಿತು. ಅದು ದೊಡ್ಡಪ್ಪನ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ ಬೂಸ್ಟು ಹಿಡಿದಿರುವುದೂ ಕೆಲವರಿಗೆ ಗೊತ್ತು. ಬೇರಿನ ಬಗ್ಗೆ ಬರೆದ ದೊಡ್ಡಪ್ಪ ಆಫ್‌ಲೈನ್ ಹೋದರು.

ನಾನೂ ಮೈಸೂರಿನಲ್ಲೇ ಇರುವುದು. ಸಂಜೆ ಹೋಗಿ ಪೆನ್‌ಡ್ರೈವ್ ಇಸಿದುಕೊಂಡು ಬಂದೆ. ಒಂದೊಂದು ಫೈಲೂ ಸುಮಾರು 25 ಎಂಬಿ, ಒಟ್ಟು 16 ಜಿಬಿ. ಪೂರ್ತಿ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಡಾರ್ಕ್‌ಟೇಬಲ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತೆರೆದೆ. ಮೊದಲ ಫೋಟೋ ನೋಡಿ ಎದೆ ಝಲ್ ಎಂದಿತು. ಹೋಮದ ಹೊಗೆ, ಹಳದಿ ಬಲ್ಬು, ಹಿಂದೆ ಬಾಗಿಲಿನ ಬಿಸಿಲು. ಅಜ್ಜನ ಮುಖ ಬರೀ ಕಪ್ಪು.

ರಾಘುವಿಗೆ ಫೋನ್ ಮಾಡಿದೆ. “ಬೆಳಕು ಎತ್ತಿ ನೋಡು” ಎಂದ. ಎತ್ತಿದೆ. ಕತ್ತಲೆಯೊಳಗಿಂದ ಅಜ್ಜನ ಹುಬ್ಬು ಬಂತು, ಕೆನ್ನೆಯ ಗೆರೆ ಬಂತು, ಹೊಗೆಗೆ ಕೆಂಪಾದ ಕಣ್ಣು ಬಂತು. ಅವನ ಕ್ಯಾಮೆರಾದ ರಾ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು ಇರುತ್ತದಂತೆ, ಜೆಪಿಜಿಯಲ್ಲಿ 256. ಕತ್ತಲಲ್ಲಿ ಅಡಗಿದ್ದನ್ನು ಎತ್ತಬೇಕಾದರೆ ಆ ಮೆಟ್ಟಿಲು ಬೇಕು. ಅದಕ್ಕೇ ರಾಘು ರಾದಲ್ಲಿ ತೆಗೆದದ್ದು. ಪಾಪ, ಇದನ್ನು ಹೇಳಲು ಅವನಿಗೆ ಯಾರು ಬಿಟ್ಟರು.

ಅಜ್ಜನ ಪಂಚೆ ಬೆಳ್ಳಗೆ ಕಾಣುವಷ್ಟು ಹಳದಿ ಇಳಿಸಿದೆ. ಅದೇ ತಿದ್ದುಪಡಿಯನ್ನು ಒಳಗಿನ ಫೋಟೋಗಳಿಗೆಲ್ಲ ಅಂಟಿಸಿದೆ. ಅಂಗಳದ ಊಟದ ಪಂಕ್ತಿಗೆ ಬೇರೆ ಮಾಡಬೇಕಾಯಿತು. ಇಲ್ಲದಿದ್ದರೆ ಬಾಳೆಲೆ ನೀಲಿಗೆ ತಿರುಗುತ್ತಿತ್ತು. ಆಮೇಲೆ ಎಲ್ಲವನ್ನೂ ಆರಿಸಿ ಎಕ್ಸ್‌ಪೋರ್ಟ್: ಜೆಪಿಜಿ, ಗುಣಮಟ್ಟ 90, ಬಣ್ಣ ಎಲ್ಲ ಸ್ಕ್ರೀನಿಗೂ ಹೊಂದುವ ಎಸ್‌ಆರ್‌ಜಿಬಿ. ರಾತ್ರಿಯೆಲ್ಲ ಫ್ಯಾನು ಗುಯ್‌ಗುಟ್ಟಿತು. ಬೆಳಗ್ಗೆ ಒಳ್ಳೆಯ ಅರವತ್ತನ್ನು ಗುಂಪಿಗೆ ಡಾಕ್ಯುಮೆಂಟ್ ಎಂದು ಕಳಿಸಿದೆ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ.

ಸವೆಯುವ ವಿಷಯ ಯಾರೂ ಎತ್ತಲಿಲ್ಲ. ಅತ್ತೆ ತಾನು ಬರೀ ಮೂರರಲ್ಲಿ ಇದ್ದೇನೆ ಎಂದರು. ದೊಡ್ಡಮ್ಮ ಆ ಮೂರನ್ನೂ ತೋರಿಸಲು ಕೇಳಿದರು.

ಪೆನ್‌ಡ್ರೈವ್ ಚಿಕ್ಕಪ್ಪನಿಗೆ ವಾಪಸು ಕೊಟ್ಟೆ. ಭಾನುವಾರ ಹೋಮದ ಫೋಟೋ ಪ್ರಿಂಟ್ ಹಾಕಿಸಿ ಅಜ್ಜನಿಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, “ನೆಗೆಟಿವ್ ಯಾರ ಹತ್ತಿರ ಇದೆ?”

ಅದನ್ನೇ ಗುಂಪಿನಲ್ಲಿ ಕೇಳಿದೆ. ಚಿಕ್ಕಪ್ಪ ಬರೆದರು: “ಫೋಟೋ ಬಂತಲ್ಲ. ಪೆನ್‌ಡ್ರೈವ್ ಖಾಲಿ ಮಾಡಿ ಕಾರಿಗೆ ದಾಸರ ಪದ ತುಂಬಿಸಿದೆ.”

ಮೂಲ ಕಾಪಾಡಿ ಎಂದು ಫಾರ್ವರ್ಡ್ ಮಾಡಿದವರು ಇವರೇ. ಪುಟ್ಟಿ ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು. ಅವಳಿಗಿಂತ ಮೊದಲು ನಾನೇ ಬರೆದೆ: “ಗಾಬರಿ ಬೇಡ, ನನ್ನ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿದೆ.”

ಶಿರಸಿ ಅತ್ತೆಯ ಉತ್ತರ ಕೂಡಲೇ ಬಂತು.

“ದೊಡ್ಡಣ್ಣನೂ ಹೀಗೇ ಹೇಳಿದ್ದ.”