ಹಳೇ ಟಿವಿ ರೆಸ್ಲಿಂಗ್ ನೋಡಿ ಅಂಕ ಕೊಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಟ್ರಂಪ್ ಕಾರ್ಡ್):

ಎಲ್ಲರಿಗೂ ನಮಸ್ಕಾರ. ಕೇಬಲ್ ಬಂದ ಹೊಸತರಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿ ಬೆಳೆದವನು ನಾನು. ಆಗ ನಮಗೆ ಗೊತ್ತಿದ್ದ ಅಂಕ ಅಂದರೆ ಪೈಲ್ವಾನರ ಚಿತ್ರವಿದ್ದ ಟ್ರಂಪ್ ಕಾರ್ಡಿನದ್ದು. ರ‍್ಯಾಂಕ್, ಎತ್ತರ, ತೂಕ, ಬೈಸೆಪ್ಸ್, ಅಷ್ಟೇ. ಈಗ ಬ್ರಿಟನ್ನಿನ ಎಪ್ಪತ್ತರ ದಶಕದ ಪಂದ್ಯಗಳು, ಅಮೆರಿಕದ ಮೆಂಫಿಸ್, ಅಟ್ಲಾಂಟಾ ಕಡೆಯ ಹಳೇ ಕಾರ್ಯಕ್ರಮಗಳು ಯೂಟ್ಯೂಬಿನಲ್ಲಿ ಸಿಗುತ್ತಿವೆ. ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಐದಕ್ಕೆ ಇಷ್ಟು ನಕ್ಷತ್ರ ಅಂತ ಹಾಕುತ್ತಿದ್ದೇನೆ. ಆದರೆ ಎಲ್ಲವೂ ಎರಡು, ಎರಡೂವರೆಗೇ ಬಂದು ನಿಲ್ಲುತ್ತಿವೆ. ಕೆಲವು ನಿಧಾನ. ಕೆಲವು ಮೂರೇ ನಿಮಿಷ. ಇನ್ನು ಕೆಲವಕ್ಕೆ ತಲೆಬುಡವೇ ಇಲ್ಲ, ಯಾರು ಗೆದ್ದರು ಅಂತ ಗೊತ್ತಾಗುವ ಮೊದಲೇ ಜಗಳ ಬಿದ್ದು ಮುಗಿದುಹೋಗುತ್ತವೆ. ನೀವೆಲ್ಲ ಹೇಗೆ ನೋಡುತ್ತೀರಿ, ಹೇಗೆ ಅಂಕ ಹಾಕುತ್ತೀರಿ?

ಶನಿವಾರ ನಾಲ್ಕು ಗಂಟೆ:

ಬ್ರಿಟನ್ನಿನದ್ದು ನಾನು ಹೇಳುತ್ತೇನೆ ಸಾರ್, ನನಗೆ ಹುಚ್ಚು ಹಿಡಿದಿರುವುದು ಅದರದ್ದೇ. ಐಟಿವಿಯ 'ವರ್ಲ್ಡ್ ಆಫ್ ಸ್ಪೋರ್ಟ್' ಕಾರ್ಯಕ್ರಮ 1965ರಿಂದ 1985ರವರೆಗೆ ನಡೆಯಿತು. ಶನಿವಾರ ಸಂಜೆ ನಾಲ್ಕಕ್ಕೆ ಕುಸ್ತಿ, ಅದು ಮುಗಿದ ಕೂಡಲೇ ಫುಟ್‌ಬಾಲ್ ಫಲಿತಾಂಶ. ಸ್ಕೋರಿಗೆ ಕಾಯುವವರಿಂದ ಹಿಡಿದು ಮನೆಯ ಅಜ್ಜಿಯವರೆಗೆ ಎಲ್ಲರೂ ಟಿವಿ ಮುಂದೆ. ಪಂದ್ಯ ನಡೆಯುವ ಹಾಲಿನಲ್ಲೂ ಅಷ್ಟೇ, ರಿಂಗಿನ ಪಕ್ಕದಲ್ಲೇ ಅಜ್ಜಿಯರು. ತಮ್ಮ ಕೈಚೀಲದಿಂದ ಪೈಲ್ವಾನರಿಗೆ ಬಾರಿಸಿದವರೂ ಇದ್ದಾರೆ!

ಅಲ್ಲಿನ ನಿಯಮ ಗೊತ್ತಿಲ್ಲದೆ ನೋಡಿದರೆ ನಿಧಾನ ಅನ್ನಿಸುವುದು ಸಹಜ. ಬಾಕ್ಸಿಂಗಿನ ಹಾಗೆ ಸುತ್ತುಗಳಿವೆ. ಫಾಲ್ (ಭುಜ ನೆಲಕ್ಕೊತ್ತಿ ಹಿಡಿಯುವುದು) ಆಗಲಿ ಸಬ್‌ಮಿಷನ್ (ಪಟ್ಟಿನ ನೋವಿಗೆ ಸೋಲೊಪ್ಪಿಸುವುದು) ಆಗಲಿ, ಎರಡು ಸಲ ಗೆಲ್ಲಬೇಕು. ನಾಕೌಟ್ ಆದರೆ ಅಲ್ಲಿಗೇ ಮುಗಿಯಿತು. ತಪ್ಪಾಟ ಆಡಿದರೆ ರೆಫ್ರಿ ಎಲ್ಲರಿಗೂ ಕೇಳುವಂತೆ ಎಚ್ಚರಿಕೆ ಕೊಡುತ್ತಾನೆ, ಮೂರನೆಯ ಎಚ್ಚರಿಕೆಗೆ ಪಂದ್ಯದಿಂದ ಹೊರಗೆ. ಮುಖ್ಯವಾದದ್ದು ಇನ್ನೊಂದಿದೆ. ನೆಲಕ್ಕೆ ಬಿದ್ದವನ ಮೇಲೆ ಎಗರಿ ಬಡಿಯುವ ಹಾಗಿಲ್ಲ. ಬಿದ್ದವನು ಏಳುವವರೆಗೆ ಇವನು ಹಿಂದೆ ಸರಿದು ನಿಲ್ಲಬೇಕು, ರೆಫ್ರಿ ಹತ್ತರವರೆಗೆ ಎಣಿಸುತ್ತಾನೆ. ನಮ್ಮ ಕಣ್ಣಿಗೆ ಅದು 'ಯಾಕೆ ಸುಮ್ನೆ ನಿಂತಿದ್ದಾನೆ ಇವನು' ಅಂತ ಕಾಣುತ್ತದೆ. ಆದರೆ ಖಳ (ಕೆಟ್ಟವನ ಪಾತ್ರ ಮಾಡುವ ಪೈಲ್ವಾನ) ಆ ನಿಯಮ ಮುರಿದು ಬಿದ್ದವನಿಗೆ ಒಂದು ಒದೆ ಕೊಟ್ಟ ಅಂದ್ರೆ ಇಡೀ ಹಾಲ್ ಎದ್ದು ನಿಂತು ಬೈಯುತ್ತದೆ. ನಿಯಮ ಬಿಗಿಯಾಗಿರುವುದರಿಂದಲೇ ಸಣ್ಣ ಮೋಸಕ್ಕೂ ಅಷ್ಟು ಬೆಲೆ.

ಜಿಮ್ ಬ್ರೇಕ್ಸ್‌ನ ಯಾವುದಾದರೂ ಪಂದ್ಯ ಹಾಕಿಕೊಂಡು ನೋಡಿ. ಬ್ರಾಡ್‌ಫರ್ಡಿನ ಗಿಡ್ಡ ಆಸಾಮಿ. ಸದಾ ರೆಫ್ರಿ ಹತ್ತಿರ ದೂರು, ಅಳುಮುಂಜಿ ಮುಖ. ಅವನ ಮುಖ ಬಿಡಿ, ಕೈ ನೋಡಿ. ಶುರುವಿನಿಂದಲೇ ಎದುರಾಳಿಯ ಒಂದು ತೋಳಿನ ಹಿಂದೆ ಬೀಳುತ್ತಾನೆ. ಮಣಿಕಟ್ಟು ತಿರುಚುತ್ತಾನೆ. ಬೆರಳು ಬಗ್ಗಿಸುತ್ತಾನೆ. ಹಗ್ಗದ ಹತ್ತಿರ ಹೋದಾಗ ರೆಫ್ರಿ ಬಿಡಿಸಲು ಬಂದರೆ, ಬಿಡುವ ಮುಂಚೆ ಇನ್ನೊಂದು ಎಳೆತ. ಸುತ್ತು ಮುಗಿದ ಗಂಟೆ ಹೊಡೆದಾಗ ಎದುರಾಳಿ ಆ ತೋಳನ್ನು ಒದರಿಕೊಳ್ಳುತ್ತಾ ಮೂಲೆಗೆ ಹೋಗುತ್ತಾನೆ. ಆಮೇಲೆ ಬ್ರೇಕ್ಸ್ ಅದೇ ತೋಳನ್ನು ತಿರುಚಿ ಹಿಡಿದು ಆಳನ್ನೇ ನೆಲದಿಂದ ಮೇಲೆತ್ತುತ್ತಾನೆ. 'ಬ್ರೇಕ್ಸ್ ಸ್ಪೆಷಲ್' ಅಂತಲೇ ಅದಕ್ಕೆ ಹೆಸರು. ಮೊದಲ ಸುತ್ತುಗಳನ್ನು ಓಡಿಸಿಬಿಟ್ಟವರಿಗೆ ಇದೊಂದು ಮಾಮೂಲಿ ಕೈಲಾಕ್. ಕೂತು ನೋಡಿದವರಿಗೆ ನಾಲ್ಕು ನಕ್ಷತ್ರ. ಇವನ ಕೈಯಿಂದ ಬ್ರಿಟಿಷ್ ಲೈಟ್‌ವೇಟ್ ಪಟ್ಟ ಕಿತ್ತುಕೊಂಡದ್ದು 1977ರಲ್ಲಿ ಡೈನಮೈಟ್ ಕಿಡ್, ಆಗ ಅವನಿಗೆ ಬರೀ ಹದಿನೆಂಟು.

ಬಿಗ್ ಡ್ಯಾಡಿ ಅಂತ ಭಾರೀ ಗಾತ್ರದ ಪೈಲ್ವಾನ ಇದ್ದ, ಅವನಿಗೆ ಮಾತ್ರ ಈ ಅಳತೆ ಹಿಡಿಯಬೇಡಿ. 1981ರಲ್ಲಿ ವೆಂಬ್ಲಿ ಅರೀನಾದಲ್ಲಿ ಅವನಿಗೂ ಜೈಂಟ್ ಹೇಸ್ಟ್ಯಾಕ್ಸ್‌ಗೂ ನಡೆದ ಪಂದ್ಯ ಮೂರು ನಿಮಿಷವೂ ಇಲ್ಲ. ಕುಸ್ತಿ ಅಂತ ನೋಡಿದರೆ ಒಂದು ನಕ್ಷತ್ರವೂ ಜಾಸ್ತಿಯೇ. ಜನರ ಕೂಗಿಗೆ ಬೇಕಾದರೆ ಬೇರೆ ಅಂಕ ಕೊಡಿ.

ಹಳೇ ಟೇಪು:

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ. ಅಮೆರಿಕದ್ದು ಪೂರ್ತಿ ಬೇರೆ ಕಥೆ. ಅಲ್ಲಿ ಆಗ ಒಂದೊಂದು ಸೀಮೆಗೆ ಒಂದೊಂದು ಕಂಪನಿ. ಟಿವಿಯಲ್ಲಿ ತೋರಿಸಿದ್ದು ಊಟ ಅಲ್ಲ, ಬರೀ ಒಗ್ಗರಣೆ ವಾಸನೆ. ದುಡ್ಡು ಬರುತ್ತಿದ್ದದ್ದು ಊರಿನ ದೊಡ್ಡ ಹಾಲಿನ ಟಿಕೆಟ್ಟಿನಿಂದ.

ಮೆಂಫಿಸ್ ತೆಗೆದುಕೊಳ್ಳಿ. ಶನಿವಾರ ಬೆಳಿಗ್ಗೆ ಅಲ್ಲಿನ ಟಿವಿ ಚಾನೆಲ್ ಡಬ್ಲ್ಯುಎಂಸಿಯ ಸ್ಟುಡಿಯೋದಿಂದ ಒಂದೂವರೆ ಗಂಟೆ ನೇರಪ್ರಸಾರ. ಸೋಮವಾರ ರಾತ್ರಿ ಮಿಡ್-ಸೌತ್ ಕೊಲಿಸಿಯಂನಲ್ಲಿ ನಿಜವಾದ ಜಾತ್ರೆ. ಶನಿವಾರದ ಪಂದ್ಯ ಜಗಳದಲ್ಲಿ ಮುಗಿಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ತೀರ್ಪು ಬೇಕಾದವನು ಸೋಮವಾರ ಟಿಕೆಟ್ ತಗೋಬೇಕು. ಹಾಸ್ಯನಟ ಆಂಡಿ ಕಾಫ್‌ಮನ್‌ಗೆ ಪೈಲ್ವಾನ ಜೆರ್ರಿ ಲಾಲರ್ ಪೈಲ್‌ಡ್ರೈವರ್ (ಆಳನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಟ್ಟುವ ಪಟ್ಟು) ಹೊಡೆದದ್ದೂ ಸೋಮವಾರವೇ, 1982ರ ಏಪ್ರಿಲ್ 5. ಆ ಪಂದ್ಯವನ್ನಷ್ಟೇ ನೋಡಿದರೆ ಏನೂ ಇಲ್ಲ. ಅದಕ್ಕೆ ಮೊದಲು ಕಾಫ್‌ಮನ್ ಮೆಂಫಿಸ್ ಜನರನ್ನು ಹೀಯಾಳಿಸುತ್ತಾ, ಸೋಪು ಹಿಡಿದು 'ಇದು ಸೋಪು, ಹೀಗೆ ಕೈ ತೊಳೆಯಬೇಕು' ಅಂತ ಪಾಠ ಮಾಡಿದ ತುಣುಕುಗಳನ್ನು ನೋಡಿ ಬನ್ನಿ. ಆಮೇಲೆ ಆ ಹಾಲಿನ ಸದ್ದು ಅರ್ಥವಾಗುತ್ತದೆ. ಹಾಗಾಗಿ ನಾನು ಮೆಂಫಿಸ್‌ಗೆ ಪಂದ್ಯದ ಲೆಕ್ಕದಲ್ಲಿ ಅಂಕ ಹಾಕುವುದೇ ಇಲ್ಲ. ಒಂದು ಜಗಳ ಶುರುವಾಗಿ ಮುಗಿಯುವವರೆಗಿನ ಎಲ್ಲಾ ವಾರಗಳಿಗೂ ಸೇರಿ ಒಂದು ಅಂಕ.

ಮೂರು ನಿಮಿಷದ ಪಂದ್ಯ ಅಂದ್ರಲ್ಲ, ಅಟ್ಲಾಂಟಾದ ಶನಿವಾರ ಸಂಜೆ 6:05ರ ಕಾರ್ಯಕ್ರಮದಲ್ಲಿ ಅಂಥವು ಬೇಕಾದಷ್ಟಿವೆ. (ಆ ಐದು ನಿಮಿಷ ಯಾಕೆ ಗೊತ್ತಾ? ಟೆಡ್ ಟರ್ನರ್ ಚಾನೆಲ್ಲಿನವರು ಕಾರ್ಯಕ್ರಮಗಳನ್ನು ಐದು ನಿಮಿಷ ತಡವಾಗಿ ಶುರು ಮಾಡುತ್ತಿದ್ದರು. ಟಿವಿ ಪಟ್ಟಿಯಲ್ಲಿ ತಮ್ಮದೇ ಸಾಲು ಬೇರೆಯಾಗಿ ಕಾಣಲಿ ಅಂತ. ಕಿಲಾಡಿಗಳು.) ಅಲ್ಲಿ ಒಬ್ಬ ಸೋಲಲೆಂದೇ ಬರುತ್ತಾನೆ. ಗೆಲ್ಲುವವನ ಮುಖ್ಯ ಪಟ್ಟು ನೋಡುಗನ ಮನಸ್ಸಿನಲ್ಲಿ ಕೂತರೆ ಪಂದ್ಯದ ಕೆಲಸ ಆಯಿತು. ಇಂಥವಕ್ಕೆ ನಾನು 'ಕೆಲಸ ಆಯಿತು', 'ಆಗಲಿಲ್ಲ' ಅಂತ ಎರಡೇ ಷರಾ ಬರೆಯುತ್ತೇನೆ. ಸೋಲುವವನನ್ನೂ ಗಮನಿಸಿ. ಒಳ್ಳೆಯ ಸೋಲುವವನಿಲ್ಲದೆ ದೊಡ್ಡ ಹೀರೋ ಆದವರು ಯಾರೂ ಇಲ್ಲ.

ಟಿವಿಯಲ್ಲೇ ಪೂರ್ತಿ ಊಟ ಬಡಿಸಿದ್ದು ಬೇಕಾದರೆ 1988ರ ಮಾರ್ಚ್ 27ರ 'ಕ್ಲಾಶ್ ಆಫ್ ದಿ ಚಾಂಪಿಯನ್ಸ್' ನೋಡಿ. ಅವತ್ತೇ ಆ ಕಡೆ ಡಬ್ಲ್ಯುಡಬ್ಲ್ಯುಎಫ್ ಕಂಪನಿಯ, ದುಡ್ಡು ಕೊಟ್ಟು ನೋಡುವ ರೆಸಲ್‌ಮೇನಿಯಾ 4, ಈ ಕಡೆ ಟರ್ನರ್ ಚಾನೆಲ್ಲಿನಲ್ಲಿ ಪುಕ್ಕಟೆ ರಿಕ್ ಫ್ಲೇರ್–ಸ್ಟಿಂಗ್. ನಲವತ್ತೈದು ನಿಮಿಷ ಆಡಿ ಸಮ. ಗಂಟೆ ಹೊಡೆದಾಗ ಫ್ಲೇರ್ ಸ್ಟಿಂಗ್‌ನ ಕಾಲುಪಟ್ಟಿನಲ್ಲಿ ಸಿಕ್ಕಿ ಒದ್ದಾಡುತ್ತಿದ್ದ. ಸ್ಟಿಂಗ್ ಆಗ ಇನ್ನೂ ಹೊಸ ಹುಡುಗ. ಮರುದಿನದಿಂದ ದೊಡ್ಡವನಾದ.

ಗರಡಿ ಓಣಿ:

ಮೈಸೂರಿನವನು ನಾನು. ನಮ್ಮ ಕಡೆ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ, ತೂಕ, ವಯಸ್ಸು, ತಾಕತ್ತು ನೋಡಿ ಯಾರಿಗೆ ಯಾರು ಅಂತ. ಜೋಡಿ ಸರಿಯಾಗಿ ಬಿದ್ದರೆ ಅರ್ಧ ಕುಸ್ತಿ ಅಲ್ಲೇ ಗೆದ್ದ ಹಾಗೆ. ಹಳೇ ಟಿವಿ ಪಂದ್ಯಕ್ಕೂ ನಾನು ಮೊದಲು ಕೇಳುವುದು ಅದನ್ನೇ: ಈ ಜೋಡಿ ಯಾಕೆ ಕಟ್ಟಿದರು? ಜಾನಿ ಸೇಂಟ್–ಸ್ಟೀವ್ ಗ್ರೇ ಜೋಡಿಯಲ್ಲಿ ಖಳನೇ ಇಲ್ಲ. ಒಬ್ಬ ಪಟ್ಟು ಹಾಕುತ್ತಾನೆ, ಇನ್ನೊಬ್ಬ ಬಿಡಿಸಿಕೊಳ್ಳುತ್ತಾನೆ, ಕೈ ಕುಲುಕುತ್ತಾರೆ. ಸೇಂಟ್ ಒಮ್ಮೊಮ್ಮೆ ಮೈಯನ್ನು ಚೆಂಡಿನಂತೆ ಮುದುಡಿಕೊಂಡು ರಿಂಗಿನ ನಡುವೆ ಕೂತುಬಿಡುತ್ತಾನೆ. ಎದುರಾಳಿಗೆ ಎಲ್ಲಿ ಹಿಡಿಯಬೇಕು ಅಂತಲೇ ತೋಚುವುದಿಲ್ಲ! ಗರಡಿ ನೋಡಿದವರಿಗೆ ಇದು ಹಬ್ಬ.

'ಎಲ್ಲಾ ಮೊದಲೇ ನಿಗದಿ, ಅಂಕ ಯಾಕೆ' ಅಂತ ನಮ್ಮ ದೊಡ್ಡಪ್ಪ ಕೇಳುತ್ತಿರುತ್ತಾರೆ. 1968ರಲ್ಲಿ ಮುಂಬೈಯಲ್ಲಿ ದಾರಾ ಸಿಂಗ್ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿದ್ದು ಮಾತ್ರ ಅಪ್ಪಟ ಸತ್ಯ ಅಂತ ಅವರೇ ವಾದಿಸುತ್ತಾರೆ. ನಾಟಕಕ್ಕೂ ಕೊನೆ ಮೊದಲೇ ಬರೆದಿರುತ್ತದೆ ದೊಡ್ಡಪ್ಪ, ಆದರೂ ಯಾರು ಚೆನ್ನಾಗಿ ಮಾಡಿದರು ಅಂತ ಮಾತಾಡಲ್ವಾ ಅಂದೆ. ಕಾಫಿ ಕುಡಿದು ಎದ್ದು ಹೋದರು.

ಸುಮ್ನೆ ನೋಡಿ:

ಅಂಕ ಯಾಕೆ ಗುರು? ಪೆನ್ನು ಹಿಡಿದು ಕೂತರೆ ಕಣ್ಣು ರಿಂಗಿನ ಮೇಲೆ ಇರುವುದಿಲ್ಲ. ಮೂರೂಕಾಲೋ ಮೂರೂವರೆಯೋ ಅಂತ ತಲೆ ಕೆಡಿಸಿಕೊಳ್ಳುವುದರಲ್ಲೇ ಪಂದ್ಯ ಮುಗಿದಿರುತ್ತದೆ.

ಎರಡು ಕಾಲಂ:

ಸುಮ್ನೆ ನೋಡಿ ಅವರೇ, ನಾನೂ ನೋಡುವಾಗ ಬರೆಯುವುದಿಲ್ಲ, ಮುಗಿದ ಮೇಲೆ ಬರೆಯುತ್ತೇನೆ. ಆದರೆ ಬರೆದಿಡದಿದ್ದರೆ ಆರು ತಿಂಗಳ ಮೇಲೆ ಎಲ್ಲಾ ಕಲಸುಮೇಲೋಗರ.

ಐದು ನಕ್ಷತ್ರದ ಪದ್ಧತಿಗೆ ಹೆಸರು ಬಂದದ್ದು ಡೇವ್ ಮೆಲ್ಟ್ಜರ್ ಅವರ 'ರೆಸ್ಲಿಂಗ್ ಅಬ್ಸರ್ವರ್' ಪತ್ರಿಕೆಯಿಂದ. ಜಪಾನಿನ ಟೈಗರ್ ಮಾಸ್ಕ್–ಡೈನಮೈಟ್ ಕಿಡ್ ಜೋಡಿಯ 1983ರ ಪಂದ್ಯಕ್ಕೆ ಅವರು ಐದಕ್ಕೆ ಐದು ಕೊಟ್ಟಿದ್ದಾರೆ. ಅವರ ಅಂಕವನ್ನು ಪಂದ್ಯಕ್ಕೆ ಮೊದಲು ನೋಡಬೇಡಿ, ಅಷ್ಟೇ ನನ್ನ ಮನವಿ. ನಾಲ್ಕೂಮುಕ್ಕಾಲು ಅಂತ ಓದಿಕೊಂಡು ಕೂತರೆ ಕಾಲು ನಕ್ಷತ್ರ ಎಲ್ಲಿ ಬಿದ್ದುಹೋಯಿತು ಅಂತ ಹುಡುಕುವುದೇ ಕೆಲಸವಾಗುತ್ತದೆ.

ನನ್ನ ಪುಸ್ತಕದಲ್ಲಿ ಅಂಕಕ್ಕೆ ಎರಡು ಕಾಲಂ. ಒಂದು, ಅವತ್ತು ಆ ಪಂದ್ಯ ಏನು ಮಾಡಲು ಬಂದಿತ್ತೋ ಅದನ್ನು ಮಾಡಿತಾ? ಇನ್ನೊಂದು, ಇವತ್ತು ನನಗೆ ಹಿಡಿಸಿತಾ? ಇವೆರಡನ್ನೂ ಒಂದೇ ಸಂಖ್ಯೆಯೊಳಗೆ ತುರುಕಿದರೆ ಎಲ್ಲಾ ಎರಡೂವರೆಗೇ ಬರುತ್ತವೆ. ನಿಮಗೆ ಆಗುತ್ತಿರುವುದು ಅದೇ ಅಂತ ನನ್ನ ಅನುಮಾನ. 1981ರ ಏಪ್ರಿಲ್ 23ರಂದು ಟೋಕಿಯೋದಲ್ಲಿ ಟೈಗರ್ ಮಾಸ್ಕ್ ಮೊದಲ ಸಲ ರಿಂಗಿಗಿಳಿದ ಪಂದ್ಯವನ್ನೇ ನೋಡಿ. ಎದುರಿಗೆ ಅದೇ ಡೈನಮೈಟ್ ಕಿಡ್. ಕಾರ್ಟೂನಿನ ಹುಲಿ ಮುಖವಾಡ ಹಾಕಿಕೊಂಡು ಬಂದವನನ್ನು ಹಾಲ್ ಮೊದಲು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣು ಅವನ ಮೇಲೆ. ಇವತ್ತಿನ ಹುಡುಗರು ಅದಕ್ಕಿಂತ ಎತ್ತರ ಹಾರುತ್ತಾರೆ, ಹಾಗಾಗಿ ನನ್ನ ಎರಡನೇ ಕಾಲಂನಲ್ಲಿ ಮೂರೂವರೆ. ಮೊದಲನೆಯದರಲ್ಲಿ ಐದು, ಚರ್ಚೆಯೇ ಇಲ್ಲ.

ಇನ್ನೊಂದು ವಿಷಯ. ಟಿವಿಯವರು ಪಂದ್ಯವನ್ನು ಕತ್ತರಿಸಿ ತೋರಿಸುವುದು ಆಗ ಮಾಮೂಲಿ. ಇಪ್ಪತ್ತು ನಿಮಿಷದ್ದನ್ನು ಎಂಟಕ್ಕೆ ಇಳಿಸಿರುತ್ತಾರೆ. ಅಂಥವಕ್ಕೆ ಅಂಕದ ಪಕ್ಕ 'ಕಟ್' ಅಂತ ಬರೆಯಿರಿ, ಪೂರ್ತಿ ಪಂದ್ಯಗಳ ಜೊತೆ ಹೋಲಿಸಬೇಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಎರಡು ಕಾಲಂ ಇವತ್ತೇ ಹಾಕುತ್ತೇನೆ. ಒಂದು ಡೌಟು. ಬ್ರಿಟನ್ನಿನದ್ದರಲ್ಲಿ ಕಾಮೆಂಟರಿ ಬಹಳ ತಣ್ಣಗಿದೆ. ಮ್ಯೂಟ್ ಮಾಡಿ ನೋಡಬಹುದಾ?

ಶನಿವಾರ ನಾಲ್ಕು ಗಂಟೆ:

ದಯವಿಟ್ಟು ಬೇಡ! ಅದು ಕೆಂಟ್ ವಾಲ್ಟನ್. ಮುಖವಾಡ ಹಾಕಿದ ಕೆಂಡೋ ನಾಗಾಸಾಕಿ ಬಂದರೂ ಸರಿ, ಬರಿಗಾಲಲ್ಲಿ ಕುಣಿಯುವವನು ಬಂದರೂ ಸರಿ, ಅವರು ಕ್ರಿಕೆಟ್ ಹೇಳಿದಷ್ಟೇ ಗಂಭೀರವಾಗಿ ಹೇಳುತ್ತಾರೆ. ಪಟ್ಟಿನ ಹೆಸರು, ಎಷ್ಟನೇ ಸುತ್ತು, ಯಾರಿಗೆ ಎಷ್ಟು ಎಚ್ಚರಿಕೆ ಎಲ್ಲಾ ಅವರ ಬಾಯಿಂದಲೇ ಗೊತ್ತಾಗುವುದು. ಅವರು ದನಿ ಏರಿಸಿದ್ದು ಎಲ್ಲಿ ಅಂತ ಗುರುತು ಹಾಕಿಕೊಳ್ಳಿ, ಅಲ್ಲಿ ಏನೋ ಇರುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ, ಹಾಲಿನವರ ಬೈಗುಳವೂ ಚೆನ್ನಾಗಿ ಕೇಳಿಸುತ್ತದೆ.

ಹಳೇ ಟೇಪು:

ಒಂದೇ ಸಲಕ್ಕೆ ಹತ್ತು ಪಂದ್ಯ ನೋಡಬೇಡಿ. ಅವು ವಾರಕ್ಕೊಮ್ಮೆ ನೋಡಲು ಮಾಡಿದವು. ಮೆಂಫಿಸ್ ಶುರು ಮಾಡುವುದಾದರೆ 1982ರಿಂದ ಮಾಡಿ, ಕಾಫ್‌ಮನ್ ಸೋಪಿನ ತುಣುಕು ಸಿಗದಿದ್ದರೆ ಹೇಳಿ, ಹುಡುಕಿ ಕೊಡುತ್ತೇನೆ.