ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟಿದೆ: ಎಸ್‌ಎಸ್‌ಡಿ ಹಾಕಿ ವಿಂಡೋಸ್ ಮತ್ತೆ ಅನುಸ್ಥಾಪಿಸುವುದು ಹೇಗೆ?

ಪ್ರಶ್ನೆ:
ನನ್ನದು 2017ರಲ್ಲಿ ಕೊಂಡ, ಇಂಟೆಲ್ 7ನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಅದರ 1 ಟಿಬಿ ಹಾರ್ಡ್ ಡಿಸ್ಕ್ ದಿನೇ ದಿನೇ ನಿಧಾನವಾಗುತ್ತಾ ಬಂದು, ಈಗ ವಿಂಡೋಸ್ 10 ದುರಸ್ತಿಯ ಪರದೆಯಲ್ಲೇ ನಿಂತುಬಿಡುತ್ತದೆ. ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟಪ್ ಪರದೆಯಲ್ಲಿ) ಡಿಸ್ಕಿನ ಹೆಸರು ಕಾಣುತ್ತದೆ, ಅಸಹಜ ಸದ್ದೇನೂ ಇಲ್ಲ. ಮೊದಲು ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಸಾಧನ) ಓಡಿಸೋಣ, ಆಗದಿದ್ದರೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕೋಣ, ವಿಂಡೋಸ್ ಲೈಸೆನ್ಸನ್ನು ಹೊಸದಾಗಿ ಕೊಳ್ಳಬೇಕು ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಡಿಸ್ಕಿನಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪಾಠಟಿಪ್ಪಣಿಗಳಿವೆ, ಬೇರೆಲ್ಲೂ ಪ್ರತಿಯಿಲ್ಲ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1:
ಚೆಕ್‌ಡಿಸ್ಕ್ ಬೇಡವೆಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ. ದೋಷ ಸರಿಪಡಿಸುವ ಹೆಸರಿನಲ್ಲಿ ಅದು ಡಿಸ್ಕಿನ ಮೇಲೆಯೇ ಬರೆಯುತ್ತದೆ. ಸೆಕ್ಟರುಗಳು (ಡಿಸ್ಕಿನ ಮೇಲಿನ ಪುಟ್ಟ ಪುಟ್ಟ ಭಾಗಗಳು) ಹಾಳಾಗುತ್ತಿರುವಾಗ ಹಾಗೆ ಬರೆಸಿದರೆ, ಇನ್ನೂ ಓದಲು ಸಾಧ್ಯವಿದ್ದ ಕಡತಗಳೂ ಕೈತಪ್ಪಬಹುದು. ಬೇರೊಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟನ್ನು (ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಪೆನ್‌ಡ್ರೈವಿಗೆ ಬರೆದುಕೊಂಡು, ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿ (ಚಾಲೂ ಮಾಡಿ), ಹಳೆಯ ಡಿಸ್ಕನ್ನು ಓದಲು ಮಾತ್ರ ತೆರೆದು, ಟಿಪ್ಪಣಿಗಳ ಫೋಲ್ಡರನ್ನು ಎಲ್ಲಕ್ಕಿಂತ ಮೊದಲು ಹೊರಗಿನ ಡ್ರೈವಿಗೆ ನಕಲಿಸಿಕೊಳ್ಳಿ. ನಕಲು ನಡುವೆ ಸಿಕ್ಕಿಕೊಂಡರೆ ಪದೇ ಪದೇ ಯತ್ನಿಸದೆ, ಕೆಡುತ್ತಿರುವ ಡಿಸ್ಕಿನ ಪ್ರತಿ ತೆಗೆಯುವ ಲಿನಕ್ಸ್ ಸಾಧನವಾದ ಡಿಡಿರೆಸ್ಕ್ಯೂ ಬಳಸಿ. ಸಲೀಸಾಗಿ ಓದಲಾಗುವ ಭಾಗಗಳನ್ನು ಅದು ಮೊದಲು ಎತ್ತಿಕೊಂಡು, ಹಠ ಹಿಡಿದ ಸೆಕ್ಟರುಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಓದಲಾಯಿತೆಂಬುದನ್ನು ಮ್ಯಾಪ್ ಕಡತದಲ್ಲಿ ದಾಖಲಿಸುವುದರಿಂದ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಇಡೀ ಡಿಸ್ಕಿನ ಪ್ರತಿಗೆ ಹೊರಗಿನ ಡ್ರೈವಿನಲ್ಲಿ 1 ಟಿಬಿಗಿಂತ ಹೆಚ್ಚು ಜಾಗ ಖಾಲಿ ಇರಬೇಕು. ಟಕ್ ಟಕ್ ಸದ್ದು ಶುರುವಾದರೆ ಮಾತ್ರ ತಕ್ಷಣ ಆರಿಸಿಬಿಡಿ.

ಉತ್ತರ 2:
ಲ್ಯಾಪ್‌ಟಾಪ್ ವಿಂಡೋಸ್ 10 ಸಮೇತ ಬಂದಿದ್ದರೆ ಹೊಸ ಲೈಸೆನ್ಸಿನ ಅಗತ್ಯವಿಲ್ಲ. ಅದರ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲಿ (ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶದಲ್ಲಿ) ಇರುತ್ತದೆಯೇ ಹೊರತು ಡಿಸ್ಕಿನಲ್ಲಲ್ಲ; ಅದೇ ಆವೃತ್ತಿಯನ್ನು ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ ಸಕ್ರಿಯವಾಗುತ್ತದೆ. ನಮ್ಮಲ್ಲಿ ಮಾರಾಟವಾದ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ ಇರುತ್ತದೆ. ಹೆಸರು ನೋಡಿ ಗಾಬರಿಯಾಗಬೇಡಿ, ಕನ್ನಡದಲ್ಲಿ ಬೆರಳಚ್ಚು ಮಾಡಲು ಅದರಿಂದ ಅಡ್ಡಿಯಿಲ್ಲ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲಿಗೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಎಸ್‌ಎಸ್‌ಡಿಯ ವಿಷಯದಲ್ಲಿ, ಹಳೆಯ ಡಿಸ್ಕಿನ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ (ಹಳೆಯ ಡಿಸ್ಕಿನದೇ ಬಗೆಯ ಕನೆಕ್ಟರ್ ಇರುವ) ಎಸ್‌ಎಸ್‌ಡಿ ಸರಿಹೊಂದುತ್ತದೆ. ಡಿಸ್ಕನ್ನು ಹಿಡಿದಿರುವ ತಗಡಿನ ಚೌಕಟ್ಟನ್ನೂ ಅದರ ಪುಟ್ಟ ಸ್ಕ್ರೂಗಳನ್ನೂ ಎಸೆಯಬೇಡಿ, ಹೊಸದನ್ನು ಕೂರಿಸಲು ಅವೇ ಬೇಕು. ತಳದ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿ. ಒಳಗೆ ಎಂ.2 ಸ್ಲಾಟ್ (ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಕಂಡರೂ ಕೈಪಿಡಿ ನೋಡದೆ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆಯ) ಎಸ್‌ಎಸ್‌ಡಿ ಕೊಳ್ಳಬೇಡಿ, ಏಕೆಂದರೆ ಆ ಕಾಲದ ಕೆಲವು ಲ್ಯಾಪ್‌ಟಾಪುಗಳ ಸ್ಲಾಟು ಸಾಟಾ ಮಾದರಿಯ ಎಂ.2 ಎಸ್‌ಎಸ್‌ಡಿಯನ್ನು ಮಾತ್ರ ಒಪ್ಪುತ್ತದೆ. ಎಂ.2 ಹಾಕುವುದೇ ಆದರೆ ಅನುಸ್ಥಾಪನೆಯ ವೇಳೆ ಹಳೆಯ ಡಿಸ್ಕನ್ನು ಕಳಚಿಡಿ. ಇಲ್ಲದಿದ್ದರೆ ಬೂಟ್ ಕಡತಗಳು ಆ ಕೆಟ್ಟ ಡಿಸ್ಕಿನ ಪಾರ್ಟಿಷನ್ನಿಗೇ ಹೋಗಿ ಕೂರುವ ಸಂಭವವಿದೆ.

ಉತ್ತರ 3:
ಮೇಲಿನವರ ಮಾತಿಗೆ ಒಂದು ತಕರಾರಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ಗೃಹಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟುಗಳು ಇನ್ನೊಂದು ವರ್ಷ ಸಿಗುತ್ತವೆ, ಅಷ್ಟೇ. ವಿಂಡೋಸ್ 11 ಅಧಿಕೃತವಾಗಿ ಬಯಸುವುದು ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರನ್ನು. ಹಾಗಾಗಿ ಪೆನ್‌ಡ್ರೈವಿನಲ್ಲಿ ಓಡಿಸಿದ ಲಿನಕ್ಸ್ ಮಿಂಟನ್ನೇ ಖಾಯಂ ಆಗಿ ಹಾಕಿಕೊಳ್ಳುವುದು ಒಳಿತೆಂದು ನನ್ನ ಅಭಿಪ್ರಾಯ, ಆದರೆ ನುಡಿ ತಂತ್ರಾಂಶವೇ ಬೇಕೆನ್ನುವವರಿಗೆ ವಿಂಡೋಸ್ ಅನಿವಾರ್ಯವಾಗಬಹುದು.

ಯಾವುದನ್ನೇ ಹಾಕಿದರೂ, ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿಂದ ನುಡಿಯ ಫಾಂಟುಗಳನ್ನೂ ನಕಲಿಸಿಕೊಳ್ಳಿ. ಟಿಪ್ಪಣಿಗಳು ಯೂನಿಕೋಡಿನಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ) ಇಲ್ಲದಿದ್ದರೆ, ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಕಡತವೇ ಹಾಳಾಯಿತೆಂದು ಜನ ಅಳಿಸಿಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಟಿಪ್ಪಣಿಗಳು ಮತ್ತು ಫಾಂಟುಗಳು ಹೊರಗಿನ ಡ್ರೈವಿಗೆ ಬಂದಿವೆ. ಸಾಟಾ ಎಸ್‌ಎಸ್‌ಡಿಗೆ ಸದ್ಯ ವಿಂಡೋಸ್ 10 ಹಾಕಿದ್ದೇನೆ, ಕೀ ಕೇಳದೆ ಸಕ್ರಿಯವಾಯಿತು. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್‌ಗೆ ಬಳಸಬಹುದೇ?

ಉತ್ತರ 1:
ಬ್ಯಾಕಪ್‌ಗೆ ಖಂಡಿತ ಬೇಡ. ನಕಲಿಸಿದ ಕಡತಗಳನ್ನು ಒಂದೊಂದಾಗಿ ತೆರೆದು ನೋಡುವವರೆಗೆ ಅದನ್ನು ಫಾರ್ಮ್ಯಾಟ್ ಕೂಡ ಮಾಡಬೇಡಿ.