ಪಿಕ್ಲಿಂಗ್ ಟ್ಯಾಂಕಿನಿಂದ ಕಾಯಿಲ್ ಎತ್ತುವಾಗ ಹಾಯಿಸ್ಟ್ ಅರ್ಧಕ್ಕೇ ನಿಲ್ಲುತ್ತದೆ, ಬ್ರೇಕ್ ಲೈನರ್ ಬಾಳಿಕೆ ಬರುತ್ತಿಲ್ಲ

ಚಾಕಣ್ ವೈರ್

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರ ಚಾಕಣ್‌ನಲ್ಲಿ ವೈರ್ ಎಳೆಯುವ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಊರು ಗದಗ ಕಡೆ. ಮೂರು ತಿಂಗಳಿಂದ ಒಂದೇ ತೊಂದರೆ ಬೆನ್ನು ಬಿದ್ದಿದೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ.

ನಮ್ಮ ಪಿಕ್ಲಿಂಗ್ ಲೈನಿನಲ್ಲಿ, ಅಂದರೆ ಆಸಿಡ್‌ನಲ್ಲಿ ಅದ್ದಿ ಉಕ್ಕಿನ ಮೇಲಿನ ಸ್ಕೇಲ್ (ಆಕ್ಸೈಡ್ ಪದರ) ತೆಗೆಯುವ ಕಡೆ, ಒಂದೊಂದು ವೈರ್ ರಾಡ್ ಕಾಯಿಲ್ (ಸುರುಳಿ) 2 ಟನ್. ಸಿ-ಹುಕ್ಕಿಗೆ ಹಾಕಿ, ಮೇಲೆ ಮೊನೊರೈಲಿನಲ್ಲಿ ಓಡುವ 3 ಟನ್ ಹಾಯಿಸ್ಟಿನಿಂದ (ಭಾರ ಎತ್ತುವ ಯಂತ್ರ) ಟ್ಯಾಂಕಿನಿಂದ ಟ್ಯಾಂಕಿಗೆ ಒಯ್ಯುತ್ತೇವೆ. ಮೂರು ಹೈಡ್ರೋಕ್ಲೋರಿಕ್ ಆಸಿಡ್ ಟ್ಯಾಂಕು, ಆಮೇಲೆ ನೀರು, ಫಾಸ್ಫೇಟ್, ಮತ್ತೆ ನೀರು, ಕೊನೆಗೆ ಬೊರಾಕ್ಸ್. ಮೊದಲು ಹಾಯಿಸ್ಟ್ ನೇರವಾಗಿ ಕಾಂಟ್ಯಾಕ್ಟರ್ (ವಿದ್ಯುತ್ ಸ್ವಿಚ್) ಮೇಲೆ, ಒಂದೇ ವೇಗದಲ್ಲಿ ಓಡುತ್ತಿತ್ತು. ದೀಪಾವಳಿ ರಜೆಯಲ್ಲಿ ಹೊರಗಿನವರೊಬ್ಬರಿಂದ ವಿಎಫ್‌ಡಿ, ಅಂದರೆ ಫ್ರೀಕ್ವೆನ್ಸಿ ಬದಲಿಸಿ ಮೋಟರಿನ ವೇಗ ಹೊಂದಿಸುವ ಡ್ರೈವ್, ಹಾಕಿಸಿದೆವು. ಕಾಯಿಲ್ ಮೆಲ್ಲಗೆ ಎದ್ದರೆ ಆಸಿಡ್ ಚೆನ್ನಾಗಿ ಬಸಿದು ಟ್ಯಾಂಕಿಗೇ ವಾಪಸ್ ಬೀಳುತ್ತದೆ ಅನ್ನೋದು ಉದ್ದೇಶ.

ಈಗ ಆಗುತ್ತಿರುವುದು ಇದು. ಕಾಯಿಲ್ ತಳದಿಂದ ಚೆನ್ನಾಗಿಯೇ ಏಳುತ್ತದೆ. ಅರ್ಧ ಹೊರಗೆ ಬರುವ ಹೊತ್ತಿಗೆ ಮೋಟರ್ ಗುಂಯ್ ಅನ್ನುತ್ತದೆ, ಡ್ರೈವ್ ಓವರ್‌ಕರೆಂಟ್ ತೋರಿಸಿ ಟ್ರಿಪ್ ಆಗುತ್ತದೆ (ತಾನೇ ಬಂದ್ ಆಗುತ್ತದೆ). ಕಾಯಿಲ್ ನಾಲ್ಕು ಬೆರಳಿನಷ್ಟು ಜಾರಿ ನಿಲ್ಲುತ್ತದೆ. ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ. ಬ್ರೇಕ್ ಲೈನರ್ (ಉಜ್ಜಿ ಹಿಡಿಯುವ ಪದರ) ಮೊದಲು ಎರಡು ವರ್ಷ ಬರುತ್ತಿತ್ತು, ಈಗ ಮೂರನೇ ಸೆಟ್ ನಡೀತಿದೆ. ಬ್ರೇಕಿಗೆ ಎಸಿ ಕರೆಂಟನ್ನು ಡಿಸಿ ಮಾಡಿಕೊಡುವ ರೆಕ್ಟಿಫೈಯರ್ ಕೂಡ ಒಂದು ಸುಟ್ಟಿತು.

ಮೊನ್ನೆ ರಾತ್ರಿ ಪಾಳಿಯಲ್ಲಿ ಕಾಯಿಲ್ ಅರ್ಧ ಆಸಿಡ್‌ನಲ್ಲಿ, ಅರ್ಧ ಮೇಲೆ, 25 ನಿಮಿಷ ಹಾಗೇ ನಿಂತಿತ್ತು. ಚೈನ್ ಬ್ಲಾಕ್ (ಕೈಯಿಂದ ಎಳೆಯುವ ರಾಟೆ) ಕಟ್ಟಿ, ಎರಡು ಕಾಲಿನ ಚೈನ್ ಸ್ಲಿಂಗ್ ಹಾಕಿ ಎತ್ತಿದೆವು. ಬ್ರೇಕಿನದೇ ದೋಷ ಅಂತ ನನಗೆ ಅನ್ನಿಸುತ್ತಿದೆ. ಯಾವ ಬ್ರೇಕ್ ಹಾಕಿದರೆ ಬಾಳಿಕೆ ಬರುತ್ತದೆ?

ಭೋಸರಿ ಫಿಟ್ಟರ್

ನಮಸ್ಕಾರ ಅಣ್ಣ. ಜಾರುತ್ತದೆ ಅಂದರೆ ಸ್ಪ್ರಿಂಗ್ ಸಡಿಲ ಆಗಿರಬೇಕು. ನಮ್ಮ ಪ್ಲೇಟಿಂಗ್ ಶಾಪಿನಲ್ಲಿ ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ಸರಿ ಹೋಯಿತು. ಲೈನರ್ ಗ್ಯಾಪ್ ಎಷ್ಟಿದೆ, ಫೀಲರ್ ಗೇಜ್ ಹಾಕಿ ನೋಡಿದಿರಾ?

ಚಾಕಣ್ ವೈರ್

ಗ್ಯಾಪ್ ಬ್ರೇಕಿನ ಕ್ಯಾಟಲಾಗಿನಲ್ಲಿ ಇರುವಷ್ಟೇ ಇಟ್ಟಿದ್ದೇನೆ, 0.4 ಮಿಮೀ. ಎರಡು ವಾರಕ್ಕೆ ಅದು 0.9ಕ್ಕೆ ಹೋಗಿರುತ್ತದೆ. ಸ್ಪ್ರಿಂಗ್ ಹೋದ ತಿಂಗಳು ಬಿಗಿ ಮಾಡಿದೆ. ಅದಾದ ಮೇಲೆ ಟ್ರಿಪ್ ಜಾಸ್ತಿಯೇ ಆಯಿತು.

ಹಳೇ ಹಾಯಿಸ್ಟ್, ಪಿಂಪ್ರಿ

ತಮ್ಮಾ, ಸ್ವಲ್ಪ ನಿಲ್ಲಿ. ಹೊಸ ಬ್ರೇಕ್ ತರಬೇಡಿ. ಸ್ಪ್ರಿಂಗ್ ಬಿಗಿ ಮಾಡಿದ ಮೇಲೆ ಟ್ರಿಪ್ ಜಾಸ್ತಿ ಆಯಿತು ಅಂದಿರಲ್ಲ, ಅಲ್ಲೇ ಗುಟ್ಟಿದೆ. ಬ್ರೇಕ್ ಹಿಡಿಯುತ್ತಿಲ್ಲ ಅನ್ನೋದಲ್ಲ ನಿಮ್ಮ ತೊಂದರೆ, ಬ್ರೇಕ್ ಬಿಡುತ್ತಿಲ್ಲ. ಈ ಬ್ರೇಕನ್ನು ಹಿಡಿಸುವುದು ಸ್ಪ್ರಿಂಗ್, ಕರೆಂಟ್ ಕೊಟ್ಟಾಗ ಬಿಡಿಸುವುದು ಒಳಗಿನ ಬ್ರೇಕ್ ಕಾಯಿಲ್ (ವಿದ್ಯುತ್ ಅಯಸ್ಕಾಂತ). ಸ್ಪ್ರಿಂಗ್ ಬಿಗಿಯಾದಷ್ಟೂ ಅದನ್ನು ಎಳೆದು ಬಿಡಿಸಲು ಆ ಕಾಯಿಲಿಗೆ ಜಾಸ್ತಿ ಬಲ ಬೇಕು. ಆ ಬಲ ಅದಕ್ಕೆ ಸಿಗುತ್ತಿಲ್ಲ. ಲೈನರ್ ಜಾರಿ ಜಾರಿ ತೇಯುತ್ತಿಲ್ಲ, ಮೋಟರ್ ಅದನ್ನು ಎಳೆದುಕೊಂಡೇ ತಿರುಗುತ್ತಿದೆ. ತೇದು ಗ್ಯಾಪ್ ಅಗಲವಾದಾಗ ಹಿಡಿಯುವುದೂ ತಡ, ಆಗ ನಾಲ್ಕು ಬೆರಳು ಜಾರುತ್ತದೆ.

ಮೋಟರಿನ ಟರ್ಮಿನಲ್ ಬಾಕ್ಸ್ ತೆಗೆದು ಒಂದು ಫೋಟೋ ಹಾಕಿ. ಬ್ರೇಕ್ ರೆಕ್ಟಿಫೈಯರಿಗೆ ಸಪ್ಲೈ ಎಲ್ಲಿಂದ ಬರುತ್ತಿದೆ ನೋಡಬೇಕು. ಕಾಯಿಲ್ ಅರ್ಧ ಹೊರಗೆ ಬಂದಾಗ ಆಪರೇಟರ್ ಸ್ಪೀಡ್ ಎಷ್ಟಕ್ಕೆ ಇಳಿಸುತ್ತಾರೆ, ಅದನ್ನೂ ಹೇಳಿ.

ಚಾಕಣ್ ವೈರ್

ಸರ್, ಫೋಟೋ ಹಾಕಿದ್ದೇನೆ. ರೆಕ್ಟಿಫೈಯರಿನ ಎರಡು ವೈರು ಮೋಟರಿನ ಯು, ವಿ ಟರ್ಮಿನಲ್‌ಗೇ ಹೋಗಿವೆ. ಮೊದಲಿನಿಂದಲೂ ಹಾಗೇ ಇತ್ತು. ಸ್ಪೀಡ್ ಅರ್ಧದಲ್ಲಿ 10 ಹರ್ಟ್ಜ್‌ಗೆ ಇಳಿಸುತ್ತಾರೆ, ಆಸಿಡ್ ಬಸಿಯಲಿ ಅಂತ.

ಹಳೇ ಹಾಯಿಸ್ಟ್, ಪಿಂಪ್ರಿ

ಸಿಕ್ಕಿತು. ನೇರ ಲೈನಿನಲ್ಲಿ ಇದ್ದಾಗ ಈ ಜೋಡಣೆ ಸರಿಯಾಗಿಯೇ ಇತ್ತು. ಮೋಟರಿಗೆ 415 ವೋಲ್ಟ್ ಬಂದರೆ ಬ್ರೇಕಿಗೂ ಅದೇ 415. ಅರ್ಧ ಅಲೆಯ ರೆಕ್ಟಿಫೈಯರ್ ಅದನ್ನು ಸುಮಾರು 187 ವೋಲ್ಟ್ ಡಿಸಿ ಮಾಡುತ್ತದೆ. ನಿಮ್ಮ ಫೋಟೋದಲ್ಲಿ ಬ್ರೇಕ್ ಕಾಯಿಲ್ ಮೇಲೆ 180 ವೋಲ್ಟ್ ಅಂತ ಬರೆದಿದೆ, ಸರಿ ಹೊಂದುತ್ತದೆ.

ಡ್ರೈವ್ ಬಂದ ಮೇಲೆ ಲೆಕ್ಕವೇ ಬೇರೆ. ಡ್ರೈವ್ ಫ್ರೀಕ್ವೆನ್ಸಿ ಇಳಿಸಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. 50 ಹರ್ಟ್ಜ್‌ಗೆ 415 ಇದ್ದರೆ 10 ಹರ್ಟ್ಜ್‌ಗೆ 83 ವೋಲ್ಟ್. ರೆಕ್ಟಿಫೈಯರ್ ದಾಟಿ ಬ್ರೇಕಿಗೆ ಸಿಗುವುದು 40 ವೋಲ್ಟಿನ ಆಸುಪಾಸು. ಆಪರೇಟರ್ ಆಸಿಡ್ ಬಸಿಯಲಿ ಅಂತ ಸ್ಪೀಡ್ ಇಳಿಸಿದ ಕೂಡಲೇ ಬ್ರೇಕ್ ಅರ್ಧ ಕಚ್ಚಿಕೊಳ್ಳುತ್ತದೆ. ಮೋಟರ್ ಮೇಲಕ್ಕೆ ಎಳೆಯುತ್ತಿದೆ, ಬ್ರೇಕ್ ಹಿಡಿದಿದೆ. ಕರೆಂಟ್ ಏರದೆ ಇನ್ನೇನಾಗುತ್ತದೆ ಹೇಳಿ? ರೆಕ್ಟಿಫೈಯರ್ ಸುಟ್ಟಿದ್ದೂ ಇದರಿಂದಲೇ. ಡ್ರೈವ್ ಕೊಡುವುದು ಕತ್ತರಿಸಿ ಕತ್ತರಿಸಿ ಬರುವ ವೋಲ್ಟೇಜು, ಆ ರೆಕ್ಟಿಫೈಯರ್ ಅದಕ್ಕಾಗಿ ಮಾಡಿದ್ದಲ್ಲ.

ತಳದಲ್ಲಿ ಬಾರದ ತೊಂದರೆ ಅರ್ಧಕ್ಕೆ ಯಾಕೆ ಅಂದರೆ, ಸ್ಪೀಡ್ ಇಳಿಸುವ ಜಾಗ ಅದೇ ಅನ್ನೋದು ಒಂದು ಕಾರಣ. ತೂಕ ಇನ್ನೊಂದು. ಉಕ್ಕು ಲೀಟರಿಗೆ 7.85 ಕೆಜಿ. 2000 ಕೆಜಿ ಕಾಯಿಲ್ ಸುಮಾರು 255 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ಆಸಿಡ್‌ನ ತೂಕ ಸುಮಾರು 280 ಕೆಜಿ. ಮುಳುಗಿರುವಾಗ ಹಾಯಿಸ್ಟಿಗೆ ಅಷ್ಟು ಭಾರ ಕಡಿಮೆ. ಹೊರಗೆ ಬರ್ತಾ ಬರ್ತಾ ಆ ಭಾರ ವಾಪಸ್ ಬರುತ್ತದೆ, ಜೊತೆಗೆ ಸುತ್ತುಗಳ ಮಧ್ಯೆ ನಿಂತ ಆಸಿಡ್ ಬೇರೆ. ಬಾವಿಯಿಂದ ಕೊಡಪಾನ ಎಳೆದವರಿಗೆ ಇದು ಗೊತ್ತು. ಕೊಡ ನೀರು ಬಿಟ್ಟು ಮೇಲೆ ಬಂದಾಗಲೇ ಹಗ್ಗ ಭಾರ ಅನ್ನಿಸುವುದು.

ನನ್ನ ಮಾತು ಸುಮ್ನೆ ಒಪ್ಪಬೇಡಿ, ಅಳೆದು ನೋಡಿ. ಖಾಲಿ ಹುಕ್ ಇಟ್ಟು, ನೀರಿನ ಟ್ಯಾಂಕಿನ ಮೇಲೆ ನಿಲ್ಲಿಸಿ, ರೆಕ್ಟಿಫೈಯರಿನ ಡಿಸಿ ಕಡೆ ಮೀಟರ್ ಹಿಡಿಯಿರಿ. 50 ಹರ್ಟ್ಜ್‌ಗೆ ಒಂದು ಸಲ, 10ಕ್ಕೆ ಒಂದು ಸಲ.

ತಳೇಗಾಂವ್ ಕೆಮಿಸ್ಟ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಪಿಕ್ಲಿಂಗ್ ಲ್ಯಾಬಿನವಳು. ಆ 25 ನಿಮಿಷ ನಿಂತ ಕಾಯಿಲ್ ಎಲ್ಲಿದೆ? ಡ್ರಾಯಿಂಗಿಗೆ ಹೋಗಿದ್ದರೆ ಈಗಲೇ ಹೇಳಿ. ಮುಳುಗಿದ್ದ ಅರ್ಧದಲ್ಲಿ ಸ್ಕೇಲ್ ಹೋದ ಮೇಲೂ ಆಸಿಡ್ ಕಬ್ಬಿಣವನ್ನೇ ತಿಂದಿರುತ್ತದೆ. ಆಸಿಡ್ ಮಟ್ಟ ಇದ್ದ ಕಡೆ ಒಂದು ಗೆರೆ ಬಿದ್ದಿರುತ್ತದೆ, ಬೆರಳಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಹೈ ಕಾರ್ಬನ್ ಆಗಿದ್ದರೆ ಇನ್ನೂ ಎಚ್ಚರಿಕೆ ಬೇಕು. ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಪೆಡಸಾಗಿ ಮುರಿಯುತ್ತದೆ, ವೈರ್ ಎಳೆಯುವ ಡೈಯಲ್ಲಿ ಪಟಪಟ ತುಂಡಾಗುತ್ತದೆ. ಆ ಕಾಯಿಲಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕೆ ಇಡಿ. ಎರಡೂ ಕಡೆಯಿಂದ ತುಂಡು ತೆಗೆದು ವ್ಯಾಸ ಅಳೆಯಿರಿ, ಬಗ್ಗಿಸಿ ನೋಡಿ.

ಇನ್ನೊಂದು ವಿಷಯ ನನಗೆ ನಿಜವಾಗಿಯೂ ಭಯ ಹುಟ್ಟಿಸಿತು. ಚೈನ್ ಸ್ಲಿಂಗ್ ಹಾಕಿ ಎತ್ತಿದೆವು ಅಂದಿರಿ. ಆ ಚೈನ್ ಆಸಿಡ್‌ಗೆ ಮುಟ್ಟಿತಾ? ಅದು ಗ್ರೇಡ್ 80 (ಗಟ್ಟಿ ಮಾಡಿದ ಅಲಾಯ್ ಉಕ್ಕಿನ) ಚೈನಾ?

ಚಾಕಣ್ ವೈರ್

ಮೇಡಂ, ಕಾಯಿಲ್ ಇನ್ನೂ ಯಾರ್ಡಿನಲ್ಲೇ ಇದೆ, ಇವತ್ತೇ ಚೀಟಿ ಕಟ್ಟಿಸುತ್ತೇನೆ. ಚೈನ್ ಗ್ರೇಡ್ 80. ಕಾಯಿಲಿನ ಸುತ್ತ ಹಾಕಿದ್ದರಿಂದ ಒಂದು ಕಾಲು ಆಸಿಡ್‌ನಲ್ಲಿ ಮುಳುಗಿತ್ತು. ಮುಂದೆ ಬೇಕಾಗುತ್ತದೆ ಅಂತ ತೊಳೆದು ಟ್ಯಾಂಕಿನ ಪಕ್ಕದ ಗೂಟಕ್ಕೇ ನೇತು ಹಾಕಿದ್ದೇವೆ.

ತಳೇಗಾಂವ್ ಕೆಮಿಸ್ಟ್

ದಯವಿಟ್ಟು ಈಗಲೇ ಫೋನ್ ಮಾಡಿ ಅದನ್ನು ಅಲ್ಲಿಂದ ತೆಗೆಸಿ. ಇವತ್ತಿನ ಪಾಳಿಯವರು ಅದನ್ನು ಮತ್ತೆ ಬಳಸಬಾರದು. ಗ್ರೇಡ್ 80 ಅಲಾಯ್ ಚೈನನ್ನು ಆಸಿಡ್‌ನಲ್ಲಿ ಮುಳುಗಿಸಬಾರದು, ಆಸಿಡ್ ಹೊಗೆಯಲ್ಲೂ ಇಡಬಾರದು. ವೈರಿಗೆ ಆಗುವ ಹೈಡ್ರೋಜನ್ ಪೆಡಸುತನ ಚೈನಿಗೂ ಆಗುತ್ತದೆ, ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಅದು ಗಟ್ಟಿ ಮಾಡಿದ ಉಕ್ಕು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಕೊಂಡಿ ಹಿಗ್ಗಿ ಎಚ್ಚರಿಕೆ ಕೊಡುವುದೂ ಇಲ್ಲ. ಭಾರ ಬಿದ್ದಾಗ ಒಮ್ಮೆಲೇ ಕಡಿಯುತ್ತದೆ. ಕೆಳಗೆ ಆಸಿಡ್ ಟ್ಯಾಂಕು, ಪಕ್ಕದಲ್ಲಿ ನಿಮ್ಮ ಹುಡುಗರು.

ತೊಳೆದರೆ ಒಳಗೆ ಸೇರಿದ್ದು ಹೋಗುವುದಿಲ್ಲ. ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿಸಿ ಸ್ಕ್ರ್ಯಾಪಿಗೆ ಹಾಕಿಸಿ. ಇಡೀ ಚೈನ್ ಸ್ಕ್ರ್ಯಾಪಿಗೆ ಹೋದರೆ ಯಾರೋ ಎತ್ತಿಕೊಂಡು ಬೇರೆ ಕಡೆ ಬಳಸುತ್ತಾರೆ.

ಹಳೇ ಹಾಯಿಸ್ಟ್, ಪಿಂಪ್ರಿ

ಮೇಡಂ ಹೇಳಿದ್ದಕ್ಕೆ ನನ್ನದೂ ಸಹಿ. ತುರ್ತು ಸಮಯಕ್ಕೆ ಸ್ಲಿಂಗ್ ಕಾಯಿಲಿಗೆ ಹಾಕುವ ಪದ್ಧತಿಯನ್ನೇ ಬಿಡಿ. ಸಿ-ಹುಕ್ಕಿನ ತಲೆ ಯಾವಾಗಲೂ ಆಸಿಡ್ ಮಟ್ಟಕ್ಕಿಂತ ಮೇಲೇ ಇರುತ್ತದೆ. ಹುಕ್ ಮಾಡಿಕೊಟ್ಟವರಿಂದಲೇ ಅಲ್ಲಿ ಎರಡನೇ ಕಣ್ಣು (ಎತ್ತಲು ಸಿಗಿಸುವ ತೂತು) ಮಾಡಿಸಿ, ಲೋಡ್ ಟೆಸ್ಟ್ ಮಾಡಿಸಿ. ನಿಮ್ಮ ವೆಲ್ಡರ್ ಕೈಲಿ ಮಾಡಿಸಬೇಡಿ. ಸ್ಲಿಂಗ್ ಬೇಕೇ ಬೇಕು ಅಂದರೆ ಪಾಲಿಯೆಸ್ಟರ್ ಪಟ್ಟಿ ಆಸಿಡ್ ತಡೆಯುತ್ತದೆ, ಕ್ಷಾರದಲ್ಲಿ ಹಾಳಾಗುತ್ತದೆ. ನೈಲಾನ್ ಆಸಿಡ್‌ಗೇ ಹೋಗುತ್ತದೆ. ಎರಡೂ ನೋಡಲು ಒಂದೇ ಥರ, ಲೇಬಲ್ ಬಣ್ಣ ನೋಡಿ: ಪಾಲಿಯೆಸ್ಟರಿಗೆ ನೀಲಿ, ನೈಲಾನಿಗೆ ಹಸಿರು. ಬಳಸಿದ ಮೇಲೆ ನೀರಿನಲ್ಲಿ ತೊಳೆಯಲೇಬೇಕು, ಒಣಗುತ್ತಾ ಆಸಿಡ್ ಇನ್ನೂ ತೀಕ್ಷ್ಣವಾಗುತ್ತದೆ. ಬ್ರೇಕ್ ಬಿಡಿಸುವ ಕೈ ಲಿವರ್ ಇದ್ದರೆ ಅದು ಕಾಯಿಲನ್ನು ಕೆಳಗೆ ಬಿಡುತ್ತದೆಯೇ ಹೊರತು ಮೇಲೆ ತರುವುದಿಲ್ಲ, ಅದೂ ನೆನಪಿರಲಿ.

ಚಾಕಣ್ ವೈರ್

ಚೈನ್ ತೆಗೆಸಿದೆ, ತುಂಡು ಮಾಡಿಸಿದೆ. ಮೀಟರ್ ಹಿಡಿದು ನೋಡಿದೆ ಸರ್. 50 ಹರ್ಟ್ಜ್‌ಗೆ 184 ವೋಲ್ಟ್. 10ಕ್ಕೆ ಇಳಿಸಿದರೆ 38. ಬ್ರೇಕ್ ಡಿಸ್ಕ್ ಹತ್ತಿರ ಕಿವಿ ಇಟ್ಟರೆ ಸರಸರ ಉಜ್ಜುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮೂರು ತಿಂಗಳು ಇದನ್ನು ಮೋಟರ್ ಸದ್ದು ಅಂದುಕೊಂಡಿದ್ದೆವು. ಈಗ ಹೇಗೆ ಬದಲಿಸಬೇಕು?

ಹಳೇ ಹಾಯಿಸ್ಟ್, ಪಿಂಪ್ರಿ

ರೆಕ್ಟಿಫೈಯರಿನ ವೈರು ಮೋಟರಿನಿಂದ ಪೂರ್ತಿ ಬಿಡಿಸಿ. ಡ್ರೈವಿನ ಮುಂಚೆಯೇ, ಮೇನ್ ಲೈನಿನಿಂದ ಬೇರೆ 415 ವೋಲ್ಟ್ ತನ್ನಿ, ಅದಕ್ಕೆ ಸ್ವಂತ ಫ್ಯೂಸು, ಸ್ವಂತ ಕಾಂಟ್ಯಾಕ್ಟರ್. ಆ ಕಾಂಟ್ಯಾಕ್ಟರನ್ನು ಡ್ರೈವಿನ ಬ್ರೇಕ್ ರಿಲೇ ನಡೆಸಲಿ. ಡ್ರೈವಿನಲ್ಲಿ ಹಾಯಿಸ್ಟ್ ಬ್ರೇಕಿನ ಸೆಟ್ಟಿಂಗ್ ಇರುತ್ತದೆ. ಮೋಟರ್ ಭಾರ ಹಿಡಿಯುವಷ್ಟು ಕರೆಂಟ್ ಬಂದ ಮೇಲೆ ಬ್ರೇಕ್ ಬಿಡಬೇಕು, ನಿಲ್ಲುವಾಗ ಮೋಟರ್ ಹಿಡಿದಿರುವಾಗಲೇ ಬ್ರೇಕ್ ಹಾಕಬೇಕು. ಬಿಡುವ ಕರೆಂಟ್ ತೀರಾ ಕಡಿಮೆ ಇಟ್ಟರೆ ಶುರುವಿನಲ್ಲೇ ಕಾಯಿಲ್ ಕುಸಿಯುತ್ತದೆ.

ಎಲ್ಲರೂ ಬಿಟ್ಟುಬಿಡುವ ಒಂದು ವೈರ್ ಇದೆ. ಎಸಿ ಕಡೆ ಮಾತ್ರ ಕಟ್ ಮಾಡಿದರೆ ಬ್ರೇಕ್ ಕಾಯಿಲಿನ ಕರೆಂಟ್ ರೆಕ್ಟಿಫೈಯರಿನ ಒಳಗೇ ಸುತ್ತು ಹೊಡೆಯುತ್ತಾ ನಿಧಾನ ಸಾಯುತ್ತದೆ, ಬ್ರೇಕ್ ತಡವಾಗಿ ಬೀಳುತ್ತದೆ. ಡಿಸಿ ಕಡೆಯೂ ಒಂದು ಕಾಂಟ್ಯಾಕ್ಟ್ ಹಾಕಿ ಕಟ್ ಮಾಡಿ, ಕೂಡಲೇ ಬೀಳುತ್ತದೆ. ಆ ಕಾಂಟ್ಯಾಕ್ಟ್ ಡಿಸಿ ರೇಟಿಂಗಿನದೇ ಇರಲಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಡ್ರೈವ್ ಏನೇ ಹೇಳಲಿ, ಬ್ರೇಕಿನ ಸಪ್ಲೈ ಹೋಗಲೇಬೇಕು. ಬಿಗಿ ಮಾಡಿದ ಸ್ಪ್ರಿಂಗ್ ಮೊದಲಿನ ಅಳತೆಗೆ ತನ್ನಿ. ಇಳಿಸುವಾಗ ಮೋಟರ್ ವಾಪಸ್ ಕೊಡುವ ಕರೆಂಟಿಗೆ ಬ್ರೇಕಿಂಗ್ ರೆಸಿಸ್ಟರ್ ಇದೆಯಾ ನೋಡಿ.

ಪರೀಕ್ಷೆ ಆಸಿಡ್ ಮೇಲೆ ಬೇಡ. ಮೊದಲು ಖಾಲಿ ಹುಕ್, ಆಮೇಲೆ ಸಣ್ಣ ಕಾಯಿಲ್, ಆಮೇಲೆ ಪೂರ್ತಿ ಭಾರ, ಎಲ್ಲ ನೆಲದ ಮೇಲೆ. ಒಂದಡಿ ಎತ್ತಿ, ರೋಪ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಹತ್ತು ನಿಮಿಷ ಬಿಟ್ಟು ನೋಡಿ.

ಭೋಸರಿ ಫಿಟ್ಟರ್

ಸರ್, ನಾನು ಸ್ಪ್ರಿಂಗ್ ಬಿಗಿ ಮಾಡಿ ಅಂದಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ನಮ್ಮ ಹಾಯಿಸ್ಟ್ ಡ್ರೈವ್ ಮೇಲೆ ಇಲ್ಲ, ಅದಕ್ಕೇ ಅಲ್ಲಿ ನಡೆಯಿತು. ಇದೇ ಮಾತಿನಲ್ಲಿ ಇನ್ನೊಂದು ಕೇಳಲಾ? ನಮ್ಮಲ್ಲಿ ಟ್ರಾಲಿ ನಿಂತಾಗ ಭಾರ ತೂಗಾಡಿ ಟ್ಯಾಂಕಿನ ಅಂಚಿನ ರಬ್ಬರಿಗೆ ಬಡಿಯುತ್ತದೆ.

ಹಳೇ ಹಾಯಿಸ್ಟ್, ಪಿಂಪ್ರಿ

ಕೇಳಿ, ಕೇಳಿ. ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ, ಹತ್ತರಿಂದ ಭಾಗಿಸಿ. ನೇತಾಡುವ ಉದ್ದ 4 ಮೀಟರ್ ಇದ್ದರೆ ಒಂದು ತೂಗಾಟಕ್ಕೆ ಸುಮಾರು 4 ಸೆಕೆಂಡ್ ಬರುತ್ತದೆ. ಮುಂದೆ ಡ್ರೈವ್ ಹಾಕಿಸಿದಾಗ ಟ್ರಾಲಿ ವೇಗ ಹಿಡಿಯುವ ಸಮಯವನ್ನೂ ನಿಲ್ಲುವ ಸಮಯವನ್ನೂ ಅಷ್ಟಕ್ಕೇ ಇಡಿ. ವೇಗ ಒಂದೇ ಸಮನಾಗಿ ಏರಿ, ಒಂದು ತೂಗಾಟ ಮುಗಿಯುವ ಹೊತ್ತಿಗೆ ಏರಿಕೆಯೂ ಮುಗಿದರೆ ಭಾರ ನೇರವಾಗಿ ನಿಲ್ಲುತ್ತದೆ.

ಚಾಕಣ್ ವೈರ್

ಐದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ನಮಗೆ ಗುರುವಾರ ವಾರದ ರಜೆ, ಅವತ್ತೇ ಕೂತು ವೈರಿಂಗ್ ಬದಲಿಸಿದೆವು. ಪೂರ್ತಿ ಭಾರದಲ್ಲಿ ಸೀಮೆಸುಣ್ಣದ ಗುರುತು ಅಲ್ಲಾಡಲಿಲ್ಲ. 10 ಹರ್ಟ್ಜ್‌ನಲ್ಲಿ ಬ್ರೇಕಿಗೆ 186 ವೋಲ್ಟ್. ಆವತ್ತಿನಿಂದ ಒಂದೂ ಟ್ರಿಪ್ ಇಲ್ಲ. ನಿನ್ನೆ ಗ್ಯಾಪ್ ಅಳೆದೆ, ಹೊಸ ಲೈನರಿಗೆ ಇಟ್ಟ 0.4 ಹಾಗೇ ಇದೆ.

ಚೀಟಿ ಕಟ್ಟಿದ ಕಾಯಿಲಿನಲ್ಲಿ ಮೇಡಂ ಹೇಳಿದ ಗೆರೆ ಇತ್ತು. ಮುಳುಗಿದ್ದ ಕಡೆಯ ತುಂಡು ಬಗ್ಗಿಸಿದಾಗ ಎರಡನೇ ಬಾಗಿಗೇ ಮುರಿಯಿತು, ಇಡೀ ಕಾಯಿಲ್ ತಿರಸ್ಕರಿಸಿದರು. ಸಿ-ಹುಕ್ಕಿಗೆ ಎರಡನೇ ಕಣ್ಣು ಮಾಡಿಸಲು ಕಳಿಸಿದ್ದೇವೆ, ಮುಂದಿನ ವಾರ ಬರುತ್ತದೆ. ಚೈನ್ ನೇತು ಹಾಕಿದ್ದ ಗೂಟವನ್ನೂ ಕೀಳಿಸಿಬಿಟ್ಟೆ. ಸರ್, ಮೇಡಂ, ತುಂಬಾ ಉಪಕಾರವಾಯಿತು.